ಆರತಿ ಬಯಲು

ಕಣಜದುರ್ಗದ ಹಾಳು ಕೋಟೆಯ ಮುಂದಿನ ಬಯಲಲ್ಲಿ ಕಲ್ಲುಗಳ ಎರಡು ಸಾಲುಗಳಿವೆ. ಎಲ್ಲವೂ ಆಳೆತ್ತರ, ದಾರಿಯಿಂದ ಬರುವವರಿಗೆ ಮೊದಲು ಸಿಗುವ ಕಲ್ಲು ಮಾತ್ರ ಗಿಡ್ಡ. ಇವು ಯಾವುದೋ ಕಾಲದ ಗಡಿಕಲ್ಲುಗಳೆಂಬುದು ನನ್ನ ಅಂದಾಜು. ಊರಿನವರು ಅದನ್ನು ಮರ್ಯಾದೆಯಿಂದ ಕೇಳಿಸಿಕೊಂಡು, ಇದು ಆರತಿ ಬಯಲಾದ ಕಥೆ ಹೇಳುತ್ತಾರೆ. ಇಲ್ಲಿ ಯಾವ ಹೆಂಗಸೂ ಆರತಿ ಎತ್ತುವುದಿಲ್ಲ.

ಹಿಂದೆ ಒಮ್ಮೆ ಇಲ್ಲಿ ಸಿಂಗಪ್ಪನಾಯಕನೆಂಬ ಪಾಳೆಯಗಾರನಿದ್ದನಂತೆ. ಬುರುಜಿನ ಮೇಲೆ ಒಂದು ನಗಾರಿ. ದಂಡು ಕಂಡರೆ ಅದನ್ನು ಬಡಿಯಬೇಕು, ಸದ್ದು ಕೇಳಿದೊಡನೆ ಜನ ಮಕ್ಕಳನ್ನೆತ್ತಿಕೊಂಡು ಹಿಂದಿನ ಗುಡ್ಡದ ಗವಿಗಳಿಗೆ ಓಡಬೇಕು. ಇದು ತಲೆಮಾರುಗಳ ಕಟ್ಟಳೆ. ಸಿಂಗಪ್ಪನಾಯಕನ ಕಾಲದಲ್ಲಿ ದಂಡು ಬರಲಿಲ್ಲ. ನೆಂಟರು ಬಂದರು, ನೆರೆಯ ನಾಯಕರು ಬಂದರು. ಅವರೆದುರು ಪ್ರಜೆಗಳ ಭಕ್ತಿಯನ್ನು ಮೆರೆಸಲು ಅವನು ಅದೇ ನಗಾರಿ ಬಡಿಸಿದ. ಕೇಳಿದವರು ಬಯಲಿಗೆ ಬಂದು ಎರಡು ಸಾಲಾಗಿ ನಿಂತು ಆರತಿ ಎತ್ತಬೇಕು, ಜಯಕಾರ ಹಾಕಬೇಕು. ನಿಂತವರಿಗೆ ಬೆಲ್ಲ, ಓಡಿದವರಿಗೆ ಛಡಿ. ಸಾಲಿನ ಮೊದಲ ತಟ್ಟೆ ನಾಯಕನ ಒಬ್ಬಳೇ ಪುಟ್ಟ ಮಗಳು ಹೊನ್ನಾಜಿಯದು.

ನಾಯಕನನ್ನು ಎತ್ತಿ ಆಡಿಸಿದ್ದ ಮುದುಕಿ ಗಾದ್ರವ್ವ ಒಂದು ದಿನ ಅವನಿಗೇ ಹೇಳಿದಳಂತೆ: “ನಗಾರಿ ಕೇಳಿದ್ರೆ ಓಡಬೇಕು ಅಂತ ನಿಮ್ಮಪ್ಪ ಕಲಿಸಿದ್ದ. ನೀನು ನಿಲ್ಲೋದು ಕಲಿಸ್ತಿದ್ದೀಯಲ್ಲೋ ಮಗನೆ.”

“ಓಡೋರ ಬೆನ್ನು ನೋಡೋಕೆ ಯಾರು ಬರ್ತಾರವ್ವ?” ಎಂದು ನಾಯಕ ನಕ್ಕ. ಸುತ್ತಲಿದ್ದವರೂ ನಕ್ಕರು, ಅದೂ ಅವರಿಗೆ ಅಭ್ಯಾಸವಾಗಿತ್ತು.

ಒಂದು ಮಧ್ಯಾಹ್ನ ಮೂಡಲಲ್ಲಿ ಧೂಳೆದ್ದಿತು. ಅದು ನೆಂಟರ ಧೂಳಲ್ಲವೆಂದು ಬುರುಜಿನ ಮೇಲಿದ್ದ ನಾಯಕನಿಗೆ ತಿಳಿಯಿತು. ನಗಾರಿ ಬಡಿಸಿದ. ಜನ ಹಬ್ಬದ ಬಟ್ಟೆ ಉಟ್ಟು ಬಂದರು, ದೀಪ ಹಚ್ಚಿಕೊಂಡು ಸಾಲಾಗಿ ನಿಂತರು. ಓಡಿ ಎಂದು ಅವನು ಕೂಗಿದ್ದು ನಗಾರಿಯಲ್ಲಿ ಮುಳುಗಿತು; ನಗಾರಿ ನಿಲ್ಲಿಸಿದರೆ ಜಯಕಾರದಲ್ಲಿ ಮುಳುಗಿತು. ಎರಡೂ ಕೈ ಬೀಸಿದ. ಹೊನ್ನಾಜಿ ಅಪ್ಪನತ್ತ ನೋಡಿ ತಟ್ಟೆಯನ್ನು ಇನ್ನೂ ಮೇಲಕ್ಕೆತ್ತಿದಳು. ಕುದುರೆಗಳು ಅವಳು ನಿಂತಿದ್ದ ಕಡೆಯಿಂದಲೇ ಬಂದವು ಎನ್ನುತ್ತಾರೆ. ಗವಿಗೆ ಓಡಿದವಳು ಗಾದ್ರವ್ವನೊಬ್ಬಳೇ. ಕಥೆ ಉಳಿದದ್ದು ಅವಳಿಂದ. ನಿಂತವರು ಕಲ್ಲಾಗಿ ಉಳಿದರಂತೆ.

ಮನುಷ್ಯರು ಕಲ್ಲಾಗುವುದನ್ನು ನಾನು ನಂಬುವುದಿಲ್ಲ. ಹೋದ ತಿಂಗಳು ಮಂತ್ರಿಯೊಬ್ಬರ ಹೆಲಿಕಾಪ್ಟರ್ ಇಳಿಸಲು ಇದೇ ಬಯಲನ್ನು ಆರಿಸಿದರು. ಆರತಿ ಎತ್ತದ ಊರಿನ ಹೆಂಗಸರ ಕೈಗೆ ತಟ್ಟೆ ಕೊಟ್ಟು ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಲ್ಲಿಸಿದರು. ಮೂಡಲಲ್ಲಿ ಸದ್ದಾಯಿತು, ಧೂಳೆದ್ದಿತು, ದೀಪಗಳು ಆರಿದವು. ಯಾರೂ ಕದಲಲಿಲ್ಲ. ಅವರು ನಿಲ್ಲಬೇಕಾದ ಜಾಗಕ್ಕೆ ಎಳೆದ ಸುಣ್ಣದ ಗೆರೆ ಅಲ್ಲಿಗೆ ಹೋದವರಿಗೆ ಈಗಲೂ ಕಾಣುತ್ತದೆ. ಗಿಡ್ಡ ಕಲ್ಲಿನ ಬಳಿ ಹಳೆಯ ಸಾಲು ಮುಗಿಯುತ್ತದೆ. ಗೆರೆ ಅಲ್ಲಿಂದ ಮುಂದಕ್ಕೆ ಹೋಗಿದೆ.