ಶಂಖಪಟ್ಟಣದಿಂದ ಹಕ್ಕಿ ಬರುವ ದಾರಿ

ಡಂಗುರದವನು ಹಂಸಗಿರಿಯ ಬೀದಿಬೀದಿಯಲ್ಲೂ ಸಾರಿದ: "ಕೇಳ್ರಪ್ಪೋ ಕೇಳಿ! ಪಾರಿವಾಳ ಸಾಕುವ ಹಾಲಪ್ಪ ಕೆಟ್ಟ ಹಕ್ಕಿ ಕೊಟ್ಟು ರಾಜಕುಮಾರಿಯ ಸುದ್ದಿ ತಪ್ಪಿಸಿದ್ದಾನೆ. ಸೋಮವಾರ ಅವನಿಗೆ ತಲೆದಂಡ. ಅಷ್ಟರೊಳಗೆ ಅರಸರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆಯೂ ಸೋಮವಾರವೇ!"

ರಾಜಕುಮಾರಿ ಪದುಮಲೆಯನ್ನು ಕಡಲತೀರದ ಶಂಖಪಟ್ಟಣಕ್ಕೆ ಕೊಟ್ಟು ಮೂರು ವರ್ಷವಾಗಿತ್ತು. ಬೀಗರು ಗಡಿ ಮುಚ್ಚಿ, ಹಂಸಗಿರಿಯ ಒಂದು ನರಪಿಳ್ಳೆಯನ್ನೂ ಒಳಗೆ ಬಿಡುತ್ತಿರಲಿಲ್ಲ. ಮಗಳ ಜೊತೆ ಕಳಿಸಿದ್ದ ಹನ್ನೆರಡು ಪಾರಿವಾಳಗಳಲ್ಲಿ ಒಂದೂ ಮರಳಿರಲಿಲ್ಲ.

ಮೊದಲು ಆಸ್ಥಾನದ ಜೋಯಿಸರು ಬಂದರು. "ಗಾಡಿಗೆ ನಲವತ್ತು ಗಾವುದವಾಗುವ ಶಂಖಪಟ್ಟಣ ಹದಿನೆಂಟೇ ಗಾವುದವಾಗುವುದು ಯಾರಿಗೆ?" ಎಂದ ಅರಸ ವೀರಮಲ್ಲ.

"ಪುಣ್ಯವಂತರಿಗೆ," ಎಂದರು ಜೋಯಿಸರು. ಅವರ ಪುಣ್ಯ ಕಡಿಮೆ ಬಿತ್ತು, ಭಟರು ಎಳೆದೊಯ್ದರು. ದಂಡನಾಯಕನ ಮಗ ಮೊದಲನೆಯದನ್ನು ಹೇಗೋ ದಾಟಿ, ಎರಡನೆಯದರಲ್ಲಿ ಮುಗ್ಗರಿಸಿದ.

ಭಾನುವಾರ ಹಾಲಪ್ಪನ ಮಗ ದ್ಯಾಮ ಬಂದ. ಅವನ ಹೆಗಲ ಮೇಲಿನ ಹಕ್ಕಿಹಿಕ್ಕೆ ನೋಡಿ ಸಭೆ ನಕ್ಕಿತು. ಅಪ್ಪನನ್ನು ಉಳಿಸಲು ಅವನಿಗೆ ಬೇರೆ ದಾರಿಯಿರಲಿಲ್ಲ.

"ಹದಿನೆಂಟು ಗಾವುದ ಹಕ್ಕಿಗೆ, ಬುದ್ಧಿ," ಎಂದ ಮೊದಲ ಒಗಟಿಗೆ. "ಅದು ಬೆಟ್ಟ ಸುತ್ತಾಕಿಲ್ಲ, ದೋಣಿಗೆ ಕಾಯಾಕಿಲ್ಲ."

"ಮಗಳ ಮದುವೆಗೆ ಮುಂಚೆ, ಜ್ಯೇಷ್ಠದಲ್ಲಿ ಅಲ್ಲಿಂದ ಒಂದೇ ಹಗಲಿಗೆ ಬಂದ ಹಕ್ಕಿ, ಪುಷ್ಯದಲ್ಲಿ ಎರಡು ಹಗಲು ತೆಗೆದುಕೊಂಡಿತು. ದಾರಿ ಅದೇ, ಹಕ್ಕಿಯೂ ಅದೇ. ಯಾಕೆ?" ಎಂದ ಅರಸ.

"ಜ್ಯೇಷ್ಠದಾಗೆ ಕಡಲ ಗಾಳಿ ಬೆನ್ನಿಗೆ ತಳ್ಳತದೆ. ಪುಷ್ಯದಾಗೆ ಮೂಡಲ ಗಾಳಿ ಎದೆಗೆ ಹೊಡೀತದೆ."

ಅರಸನ ದನಿ ತಗ್ಗಿತು. "ಎರಡು ಹಗಲಿಗೆ ಬರಬೇಕಾದ ಹಕ್ಕಿ ಮೂರು ವರ್ಷವಾದರೂ ಬಂದಿಲ್ಲ. ಇನ್ನೆಷ್ಟು ದಿನಕ್ಕೆ ಬರುತ್ತದೆ?"

"ಇನ್ನು ಬರಾಕಿಲ್ಲ ಬುದ್ಧಿ," ಎಂದ ದ್ಯಾಮ. "ಪಾರಿವಾಳ ಎರಡು ಸಲ ಮರಿ ಮಾಡಿದ್ರೆ ಆ ಊರೇ ಅದರ ಮನೆ. ಬಂದಿದ್ರೆ ಮೊದಲ ವರ್ಷವೇ ಬರಬೇಕಿತ್ತು. ಆದ್ರೆ ಹಕ್ಕಿ ಕಾಲಿಗೆ ಶುಭ ಸುದ್ದಿ ಮಾತ್ರ ಕಟ್ಟಬೇಕು ಅನ್ನೋದು ಅರಮನೆ ಕಟ್ಟಳೆ. ರಾಜಕುಮಾರಿ ಅವ್ವಾರಿಗೆ ಕಟ್ಟಾಕೆ ಒಂದು ಶುಭವೂ ಸಿಗಲಿಲ್ಲ, ಅದಕ್ಕೇ ಹಕ್ಕಿ ಬಿಡಲಿಲ್ಲ."

ಹದಿನೆಂಟು ಗಾವುದದಾಚೆ ಮಗಳು ಅಪ್ಪನ ಮಾತನ್ನು ಮೀರದೆ ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದಳು. ಅರಸ, "ಸರಿ," ಎಂದ.

ಸೆರೆಯಲ್ಲಿದ್ದವರನ್ನೆಲ್ಲ ಬಿಡಿಸಿದರು. ಹಾಲಪ್ಪನನ್ನು ಅರಸನೇ ಕೇಳಿದ: "ಹಕ್ಕಿಯ ಗುಣ ನಿನಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ನಿನ್ನ ತಲೆ ಉಳಿಯುತ್ತಿತ್ತಲ್ಲ, ಯಾಕೆ ಹೇಳಲಿಲ್ಲ?"

"ಹೆಂಗೆ ಹೇಳ್ಲಿ ಬುದ್ಧಿ? ಹಕ್ಕಿ ಕೆಟ್ಟದ್ದು ಅಂತ ನಂಬಿರೋವರೆಗೂ, ಮಗಳು ಸುಖವಾಗವಳೆ ಅಂತಾನೂ ನೀವು ನಂಬಿದ್ರಿ."

ದ್ಯಾಮನಿಗೆ ಊರ ಮುಂದಿನ ಹೊಲ, ಜೋಡೆತ್ತು, ಬೆಳ್ಳಿಯ ಕಡಗ ಸಿಕ್ಕವು. ಮನೆ ತಲುಪುವವರೆಗೂ ಅಪ್ಪ ಅವನ ಜೊತೆ ಮಾತಾಡಲಿಲ್ಲ.