ನಾರಿನ ಮೆಟ್ಟು

ಯಮನಪ್ಪ ಬಯಲುಸೀಮೆಯ ಬೇಟೆಗಾರ. ಒಣ ಗುಡ್ಡಗಳಲ್ಲಿ ಹಂದಿ ಅಟ್ಟಿ ಬೆಳೆದವನು. ಮದುವೆಯಾದ ಮೇಲೆ ಹೆಂಡತಿಯ ಊರಿಗೆ ಬಂದು ನೆಲೆಸಿದ. ಆ ಊರು ಕಡಲ ಹಿನ್ನೀರಿನ ದಂಡೆಯಲ್ಲಿತ್ತು.

ಊರಿನವರ ಅನ್ನವೆಲ್ಲ ಗಜನಿ ಗದ್ದೆಯದು. ಉಪ್ಪುನೀರಿಗೂ ಜಗ್ಗದೆ ಬೆಳೆಯುವ ಭತ್ತ. ಆ ವರ್ಷ ತೆನೆ ಹಾಲುಗಟ್ಟುವ ಹೊತ್ತಿಗೆ ಒಂದು ಒಂಟಿ ಹಂದಿ ಗದ್ದೆ ತುಳಿಯತೊಡಗಿತು. ಹಗಲೆಲ್ಲ ಅದು ಹಿನ್ನೀರಿನ ಕೆಸರಿನಲ್ಲಿ ದಟ್ಟವಾಗಿ ಬೆಳೆದ ಕಾಂಡ್ಲ ಗಿಡಗಳ ನಡುವೆ ಅಡಗಿರುತ್ತಿತ್ತು.

ಆ ಕೆಸರನ್ನು ಬಲ್ಲ ಬೇಟೆಗಾರರು ಬುದ್ಯ ಗೌಡರೊಬ್ಬರೇ. ಎಪ್ಪತ್ತು ದಾಟಿದ್ದರು. ಅವರ ಬಳಿ ಕಲಿತು ಹಂದಿಯನ್ನು ಹೊಡೆಯಬೇಕೆಂದು ಊರಿನವರು ಯಮನಪ್ಪನನ್ನು ಕೇಳಿಕೊಂಡರು.

ಅವನು ಹೊಸ ಬೂಟು ಹೊಲಿಸಿಕೊಂಡೇ ಹೋದ. ಮೊಣಕಾಲವರೆಗೆ ಬರುವ ದಪ್ಪ ತೊಗಲಿನ ಬೂಟು. ಕೆಸರಿಗೆ ಇದು ಆದೀತೇ ಎಂದು ಗೌಡರನ್ನು ಕೇಳಿದ.

ಗೌಡರ ಕಾಲಲ್ಲಿ ತೆಂಗಿನ ನಾರು ಹೊಸೆದು ಹೆಣೆದ ಮೆಟ್ಟು ಇತ್ತು. ಅವರು ಅದನ್ನು ಕಳಚಿ ಪಕ್ಕಕ್ಕಿಟ್ಟು, ಅದರ ಮೇಲೆ ಅರ್ಧ ಚೆಂಬು ನೀರು ಹುಯ್ದರು. ನೀರು ಸೋರಿ ನೆಲಕ್ಕೆ ಹೋಯಿತು. ಉಳಿದರ್ಧವನ್ನು ಯಮನಪ್ಪನ ಬೂಟಿನೊಳಗೆ ಹುಯ್ದರು. ಅದು ಅಲ್ಲೇ ನಿಂತಿತು.

ಯಮನಪ್ಪನಿಗೆ ಹೆಮ್ಮೆಯೇ ಆಯಿತು. "ಮೇಣ ತಿಕ್ಕಿಸಿದೀನಿ, ಗುರುಗಳೇ. ಒಂದು ಹನಿ ಒಳಗೆ ಬರೋದಿಲ್ಲ."

"ಬಂದದ್ದು?" ಎಂದರು ಗೌಡರು.

ಅವನಿಗೆ ಆ ಮಾತು ನಾಟಲಿಲ್ಲ. ಅವರೂ ಮತ್ತೆ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ನೀರು ಇಳಿದಾಗ ಇಬ್ಬರೂ ಈಟಿ ಹಿಡಿದು ಹಿನ್ನೀರಿಗೆ ಇಳಿದರು. ಮೊದಲ ಕಾಲುವೆ ದಾಟುವಾಗಲೇ ಬೂಟಿನ ಬಾಯಿಂದ ನೀರು ಒಳನುಗ್ಗಿತು, ಹೊರಗೆ ಹೋಗಲಿಲ್ಲ. ಹೆಜ್ಜೆ ಹೆಜ್ಜೆಗೂ ಕಾಲು ಭಾರವಾಯಿತು. ಹೇಳಿಕೊಳ್ಳಲು ನಾಚಿಕೆಯಾಗಿ ಯಮನಪ್ಪ ಸುಮ್ಮನೆ ಹಿಂದೆ ನಡೆದ.

ಹಂದಿ ಕಂಡಿತು. ಗಿಡಗಳ ಸಂದಿಯಲ್ಲಿ, ಅಡ್ಡವಾಗಿ, ಈಟಿಯ ಅಳವಿನಲ್ಲೇ ನಿಂತಿತ್ತು. ಗೌಡರು ಈಟಿ ಎತ್ತಿದರು.

ಅದೇ ಹೊತ್ತಿಗೆ ಯಮನಪ್ಪನ ಎರಡೂ ಕಾಲು ತೊಡೆಯವರೆಗೆ ಹೂತುಹೋದವು. ಎಳೆದಷ್ಟೂ ಕೆಸರು ಬೂಟನ್ನು ಒಳಕ್ಕೆ ಹೀರಿತು. ಕಡಲ ಕಡೆಯಿಂದ ಉಬ್ಬರದ ನೀರು ಏರಿ ಬರುತ್ತಿತ್ತು. ನೋಡನೋಡುತ್ತ ಅದು ಅವನ ಸೊಂಟ ಮುಟ್ಟಿತು. ಕೂಗಿದರೆ ಹಂದಿ ಓಡುತ್ತದೆ, ಊರಿನವರ ಅನ್ನ ಹೋಗುತ್ತದೆ ಎಂದು ಅವನು ಹಲ್ಲು ಕಚ್ಚಿ ಹಿಡಿದ.

ಆದರೂ ಗೌಡರು ತಿರುಗಿ ನೋಡಿದರು. ಈಟಿಯನ್ನು ಕೆಸರಿಗೆ ಎಸೆದು ಅವನ ಕಡೆಗೆ ಬಂದರು. ಹಂದಿ ನೀರಿಗೆ ಧುಮುಕಿ ಆಚೆ ದಡಕ್ಕೆ ಈಜಿತು.

ಗೌಡರು ಉಸಿರು ಕಟ್ಟಿ ನೀರಿನಲ್ಲಿ ಮುಳುಗಿದರು. ಚೂರಿಯಿಂದ ಬೂಟಿನ ದಾರಗಳನ್ನು ಕುಯ್ದರು. ಒಮ್ಮೆ ಮೇಲೆ ಬಂದು ಉಸಿರೆಳೆದುಕೊಂಡು ಮತ್ತೆ ಮುಳುಗಿದರು. ಕೊನೆಗೆ ಅವನ ಕಂಕುಳಿಗೆ ಕೈ ಹಾಕಿ ಎಳೆದರು. ಕಾಲು ಬಂದವು, ಬೂಟು ಅಲ್ಲೇ ಉಳಿದವು.

ದಡಕ್ಕೆ ಇನ್ನೂ ಇಪ್ಪತ್ತು ಮಾರು. ಅಲ್ಲಿಯವರೆಗೂ ಬಂಡೆಗಳು, ಬಂಡೆಯ ತುಂಬ ಕತ್ತಿಯಲಗಿನಂಥ ಚಿಪ್ಪು. ಗೌಡರು ತಮ್ಮ ಮೆಟ್ಟು ಬಿಚ್ಚಿ ಅವನ ಕಾಲಿಗೆ ಕಟ್ಟಿದರು. ಅವನು ಬೇಡವೆಂದ. ಅವರು ಕೇಳಿಸಿಕೊಳ್ಳದೆ ಬರಿಗಾಲಲ್ಲಿ ಮುಂದೆ ನಡೆದರು.

ದಡದಲ್ಲಿ ಯಮನಪ್ಪ ಅವರ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ಗಾಯ ತೊಳೆದು, ತನ್ನ ಪಂಚೆ ಹರಿದು ಸುತ್ತಿದ. ಅವನ ಕಣ್ಣು ತುಂಬಿ ಬಂದಿತ್ತು. ಹಂದಿ ಕೈತಪ್ಪಿದ್ದು ತನ್ನಿಂದ, ಊರಿನವರಿಗೆ ಹಾಗೆಂದೇ ಹೇಳುತ್ತೇನೆ ಎಂದ.

"ತಪ್ಪು ನನ್ನದೂ ಹೌದು," ಎಂದರು ಗೌಡರು. "ನೀರು ಹುಯ್ದು ತೋರಿಸಿದೆ. ಬಾಯಿಬಿಟ್ಟು ಹೇಳಬೇಕಾಗಿತ್ತು. ನಾಳೆ ನಿನಗೊಂದು ಜೊತೆ ಹೆಣೆಯೋಣ. ಆಮೇಲೆ ಹಂದಿ ಹುಡುಕೋಣ."

ಸ್ವಲ್ಪ ಹೊತ್ತಿನ ಮೇಲೆ ಅವರೇ ತಮ್ಮ ಕಥೆ ಹೇಳಿದರು. ಹರೆಯದಲ್ಲಿ ಅವರೂ ಇದೇ ಹಿನ್ನೀರಿನಲ್ಲಿ ಹೂತುಹೋಗಿದ್ದರು. ಚಿಪ್ಪಿ ಆರಿಸಲು ಬಂದಿದ್ದ ಒಬ್ಬ ಹೆಂಗಸು ಅವರನ್ನು ಎಳೆದು ಹಾಕಿ, ತನ್ನ ಮೆಟ್ಟು ಕೊಟ್ಟು, ಬರಿಗಾಲಲ್ಲಿ ಹೊರಟುಹೋಗಿದ್ದಳು. ಹೆಸರೂ ಹೇಳಿರಲಿಲ್ಲ. ಗೌಡರು ಹೊಸ ಮೆಟ್ಟು ಹೆಣೆದು ಮೂರು ವರ್ಷ ಊರೂರು ಹುಡುಕಿದ್ದರು. ಅವಳು ಸಿಕ್ಕಿರಲಿಲ್ಲ.

ಯಮನಪ್ಪ ಬಟ್ಟೆಯ ಗಂಟು ಬಿಗಿಯುತ್ತ ಕೇಳಿದ. "ಹಾಗಾದರೆ ಅವಳ ಮೆಟ್ಟು ತಿರುಗಿ ಕೊಡೋಕೆ ಆಗಲೇ ಇಲ್ಲ?"

ಗೌಡರು ಅವನ ಕಾಲಿನತ್ತ ನೋಡಿದರು.

"ಇವತ್ತು ಕೊಟ್ಟೆ."