ಛತ್ರವೂ ಛತ್ರಿಯೂ

ಬಸ್ ಸ್ಟ್ಯಾಂಡಿನ ಬಯಲಲ್ಲಿ ಮಲಗುವವರಿಗೆ ಒಂದು ಸೂರು ಕಟ್ಟಬೇಕು, ಎಲ್ಲಿ ಕಟ್ಟಬೇಕು ಎಂದು ಪೇಟೆಬೀದಿಯ ಕಟ್ಟಡಗಳೆಲ್ಲ ಸಭೆ ಸೇರಿದವು. ಹಳೆಯ ಛತ್ರವೇ ಅಧ್ಯಕ್ಷ. ದಾರಿಹೋಕರು ಬಿಟ್ಟಿಯಾಗಿ ತಂಗಲೆಂದು ಯಾರೋ ಪುಣ್ಯಾತ್ಮರು ಕಟ್ಟಿಸಿದ್ದು ಅದು. ಈಗ ಮದುವೆಗೆ ಬಿಟ್ಟರೆ ಬೇರೆ ಯಾರಿಗೂ ಬಾಗಿಲು ತೆಗೆಯುವುದಿಲ್ಲ.

"ಸೂರು ಬೇಕೇ ಬೇಕು. ನನ್ನ ಪಕ್ಕ ಮಾತ್ರ ಬೇಡ, ಇಲ್ಲಿಗೆ ಮಕ್ಕಳು ಬರುತ್ತಾರೆ," ಎಂದಿತು ಶಾಲೆ.

"ಇಲ್ಲಿಗೆ ಗಿರಾಕಿಗಳು ಬರುತ್ತಾರೆ," ಎಂದಿತು ಜವಳಿ ಅಂಗಡಿ.

"ನನ್ನಲ್ಲಿಗೆ ಬೀಗರು ಬರುತ್ತಾರೆ," ಎಂದಿತು ಛತ್ರ. "ಊರಾಚೆ ಸ್ಮಶಾನದ ಹತ್ತಿರ ಜಾಗ ಖಾಲಿ ಬಿದ್ದಿದೆಯಲ್ಲ, ಅಲ್ಲಿ ಕಟ್ಟಿದರಾಯಿತು."

ಎಲ್ಲವೂ ತಲೆಯಾಡಿಸಿದವು.

ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಕಡೆಯಿಂದ ಒಂದು ಹರಕು ಛತ್ರಿ ಕುಂಟುತ್ತಾ ಬಂದು ಸಭೆಯ ನಡುವೆ ನಿಂತಿತು.

"ಅಧ್ಯಕ್ಷರೇ, ತಮ್ಮ ಹೆಸರೇನು?"

"ಇಡೀ ಊರಿಗೇ ಗೊತ್ತು. ಛತ್ರ!"

"ಹಾಗೆಂದರೆ ಏನು?"

ಛತ್ರ ಮದುವೆಗಳ ಮುಂಗಡ ಪುಸ್ತಕ ತಿರುವಿಹಾಕತೊಡಗಿತು.

ಛತ್ರಿಗೆ ಸಿಟ್ಟು ನೆತ್ತಿಗೇರಿತು. "ನಿನ್ನೆಯ ಮಳೆಯಲ್ಲಿ ಒಬ್ಬ ತಾಯಿ ಮಕ್ಕಳನ್ನು ಅವಚಿಕೊಂಡು ನನ್ನ ಕೆಳಗೆ ಕೂತಿದ್ದಳು. ಕಡ್ಡಿ ಮುರಿದರೂ ನಾನು ಮಡಚಿಕೊಳ್ಳಲಿಲ್ಲ. ನಿಮ್ಮ ಕೋಣೆಗಳಿಗೆಲ್ಲ ಬೀಗ ಜಡಿದಿತ್ತು. ಆದರೂ ಈ ಊರಿನವರು ಮೋಸಗಾರನನ್ನು ಬೈಯುವಾಗ 'ಅವನೊಬ್ಬ ದೊಡ್ಡ ಛತ್ರಿ' ಅಂತ ನನ್ನ ಹೆಸರು ಹಿಡಿಯುತ್ತಾರೆ! ಇವತ್ತಿನಿಂದಾದರೂ ಸರಿಯಾಗಿ ಬೈಯಲಿ. 'ಅವನೊಬ್ಬ ದೊಡ್ಡ ಛತ್ರ' ಅನ್ನಲಿ!"